ಫ್ರೆಂಚಿನ ‘ಅಂಪಾರ್ಫೆ’ ಮತ್ತು ನಮ್ಮ ಮನೆಯ ‘ಮಾಡ್ತಿದ್ದೆ’

(ಕೂಕಟ್‌ಪಲ್ಲಿಯಲ್ಲಿ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)





ಕನ್ನಡ ಸಂಘದ ಸಭೆಯಲ್ಲಿ ಫ್ರೆಂಚ್ ವ್ಯಾಕರಣವೇ ಎಂದು ಆಮಂತ್ರಣ ನೋಡಿ ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ಹೋದ ಸಲ ಹಬ್ಬದ ಅಡುಗೆ, ಅದಕ್ಕೆ ಮುಂಚೆ ದಾಸರ ಪದಗಳು, ಈಗ ಇದ್ದಕ್ಕಿದ್ದಂತೆ ಫ್ರೆಂಚ್ ಕ್ರಿಯಾಪದ! ಆದರೆ ಈ ವಿಷಯವನ್ನು ಕೇಳಿದವರು ನೀವೇ. ‘ಮಗಳು ಫ್ರೆಂಚ್ ತಗೊಂಡಿದ್ದಾಳೆ, ಇಂಪರ್ಫೆಕ್ಟ್ ಅಂತ ಒಂದು ಪಾಠ ಇದೆ, ತಲೆಗೆ ಹತ್ತುತ್ತಿಲ್ಲ, ಸ್ವಲ್ಪ ಹೇಳಿಕೊಡಿ’ ಎಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳುತ್ತಾರೆ. ಎಲ್ಲರಿಗೂ ಒಟ್ಟಿಗೆ ಹೇಳಿಬಿಡೋಣ ಎಂದು ಇವತ್ತು ನಿಂತಿದ್ದೇನೆ.

ನಮ್ಮ ಮಕ್ಕಳ ಪರಿಸ್ಥಿತಿ ನಿಮಗೆಲ್ಲ ಗೊತ್ತಿರುವುದೇ. ಓದು ಇಂಗ್ಲಿಷಿನಲ್ಲಿ. 2018ರಲ್ಲಿ ತೆಲಂಗಾಣ ಸರ್ಕಾರ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯ ಮಾಡುವ ಕಾಯ್ದೆ ತಂದ ಮೇಲೆ ತೆಲುಗೂ ಬಂತು. ಅದು ಬರಬೇಕಾದದ್ದೇ, ಈ ಊರಿನ ಅನ್ನ ತಿನ್ನುವವರು ನಾವು. ಹಿಂದಿ ಇದ್ದೇ ಇದೆ. ಕೆಲವರು ಹೈಸ್ಕೂಲಿನಲ್ಲಿ, ಇನ್ನು ಕೆಲವರು ಇಂಟರ್‌ಗೆ ಹೋದಾಗ, ಅಂಕ ಚೆನ್ನಾಗಿ ಬರುತ್ತದೆ ಎಂದು ಸೆಕೆಂಡ್ ಲ್ಯಾಂಗ್ವೇಜ್ ಆಗಿ ಫ್ರೆಂಚ್ ತೆಗೆದುಕೊಳ್ಳುತ್ತಾರೆ. ಈ ಪಟ್ಟಿಯಲ್ಲಿ ಕನ್ನಡ ಎಲ್ಲಿದೆ? ಟೈಮ್‌ಟೇಬಲ್ಲಿನಲ್ಲಿ ಎಲ್ಲೂ ಇಲ್ಲ. ಅಡುಗೆಮನೆಯಲ್ಲಿ ಇದೆ, ಊರಿಗೆ ಮಾಡುವ ಫೋನಿನಲ್ಲಿ ಇದೆ, ಅಜ್ಜಿ ಬಂದಾಗ ಇದೆ. ಹಾಗಾಗಿ ಮಕ್ಕಳು ಮಾತ್ರವಲ್ಲ, ನಾವೂ ಒಂದು ನಿರ್ಧಾರಕ್ಕೆ ಬಂದುಬಿಟ್ಟಿದ್ದೇವೆ: ಕನ್ನಡ ಪ್ರೀತಿಗೆ, ಓದಿಗೆ ಬೇರೆ ಭಾಷೆ. ‘ಫ್ರೆಂಚ್ ನಮಗೆಲ್ಲಿ ಬರುತ್ತೆ, ನಾವೇನು ಹೇಳಿಕೊಡೋದು’ ಎಂದು ತಾಯಂದಿರು ಕೈಚೆಲ್ಲುವುದು ಇದರಿಂದಲೇ.

ಇವತ್ತು ನಾನು ಹೇಳಬೇಕಾದದ್ದು ಒಂದೇ ಮಾತು. ಫ್ರೆಂಚಿನ ಈ ಒಂದು ಪಾಠಕ್ಕೆ ಇಂಗ್ಲಿಷಿಗಿಂತ ಕನ್ನಡವೇ ಒಳ್ಳೆಯ ದಾರಿ. ಫ್ರೆಂಚಿನ ಒಂದಕ್ಷರ ಗೊತ್ತಿಲ್ಲದ ತಾಯಿಯೂ ಇದರ ಅರ್ಧ ಪಾಠವನ್ನು ಮನೆಯಲ್ಲೇ ಮಾಡಬಲ್ಲಳು.

ಮೊದಲು ವಿಷಯ ಏನು ಎಂದು ನೋಡೋಣ. ಆಡುಮಾತಿನ ಫ್ರೆಂಚಿನಲ್ಲಿ ಹಿಂದೆ ನಡೆದದ್ದನ್ನು ಹೇಳಲು ಮುಖ್ಯವಾಗಿ ಎರಡು ರೂಪಗಳಿವೆ. ಒಂದು ‘ಪಾಸೇ ಕೋಂಪೋಜೇ’. ನಡೆದು ಮುಗಿದ ಘಟನೆಗೆ ಅದು. ಇನ್ನೊಂದು ‘ಅಂಪಾರ್ಫೆ’. ‘ಪಾರ್ಫೆ’ ಅಂದರೆ ಪೂರ್ತಿಯಾದದ್ದು, ‘ಅಂ’ ಸೇರಿದರೆ ಪೂರ್ತಿಯಾಗದ್ದು. ಅಪೂರ್ಣ ಭೂತಕಾಲ ಎನ್ನಬಹುದು. ಕೆಲಸ ಅರ್ಧಕ್ಕೆ ನಿಂತಿತು ಎಂದು ಅರ್ಥವಲ್ಲ. ಅದರ ಆರಂಭ, ಕೊನೆ ಎರಡನ್ನೂ ಬದಿಗಿಟ್ಟು, ನಡೆಯುತ್ತಿದ್ದ ಹೊತ್ತನ್ನು ಒಳಗಿನಿಂದ ನೋಡುವುದು ಎಂದು ಅರ್ಥ.

ಮಕ್ಕಳು ಎಡವುವುದು ಎಲ್ಲಿ? ಅವರು ಇಂಗ್ಲಿಷಿನಲ್ಲಿ ಯೋಚಿಸಿ ಫ್ರೆಂಚಿಗೆ ತಿರುಗಿಸುತ್ತಾರೆ. ಇಂಗ್ಲಿಷಿನಲ್ಲಿ ‘ಎವ್ರಿ ಸಾಟರ್ಡೇ ವೀ ವೆಂಟ್ ಟು ದ ಟೆಂಪಲ್’ ಎಂದರೂ ‘ವೆಂಟ್’, ‘ಲಾಸ್ಟ್ ಸಾಟರ್ಡೇ ವೀ ವೆಂಟ್’ ಎಂದರೂ ಅದೇ ‘ವೆಂಟ್’. ಎರಡಕ್ಕೂ ಒಂದೇ ಮಾತು. ಫ್ರೆಂಚಿಗೆ ಇದು ಸಾಲದು. ಮೊದಲನೆಯದಕ್ಕೆ ಅಂಪಾರ್ಫೆ ಬೇಕು, ಎರಡನೆಯದಕ್ಕೆ ಪಾಸೇ ಕೋಂಪೋಜೇ ಬೇಕು. ಮಗು ಎರಡಕ್ಕೂ ಪಾಸೇ ಕೋಂಪೋಜೇ ಬರೆದು ಒಂದು ಅಂಕ ಕಳೆದುಕೊಳ್ಳುತ್ತದೆ.

ಈಗ ಇದನ್ನೇ ಕನ್ನಡದಲ್ಲಿ ಹೇಳಿ ನೋಡಿ. ‘ಪ್ರತಿ ಶನಿವಾರ ದೇವಸ್ಥಾನಕ್ಕೆ ಹೋಗ್ತಿದ್ವಿ.’ ‘ಹೋದ ಶನಿವಾರ ದೇವಸ್ಥಾನಕ್ಕೆ ಹೋದ್ವಿ.’ ‘ಚಿಕ್ಕವಳಿದ್ದಾಗ ಪ್ರತಿ ಶನಿವಾರ ಹೋದ್ವಿ’ ಎಂದು ಯಾರಾದರೂ ಹೇಳುತ್ತಾರಾ? ಮೂರು ವರ್ಷದ ಮಗುವೂ ಹೇಳುವುದಿಲ್ಲ. ಇಂಗ್ಲಿಷ್ ಎಲ್ಲಿ ಮುಚ್ಚಿಡುತ್ತದೋ ಅಲ್ಲಿ ಕನ್ನಡ ಬಿಚ್ಚಿ ಹೇಳುತ್ತದೆ.

ಆದ್ದರಿಂದ ಮೊದಲ ಸೂತ್ರ ಇಷ್ಟು: ವಾಕ್ಯವನ್ನು ಕನ್ನಡದಲ್ಲಿ ಹೇಳು. ‘-ತ್ತಿದ್ದೆ, -ತ್ತಿದ್ದಳು, -ತ್ತಿತ್ತು, ಇತ್ತು’ ಎಂದು ಬಂದರೆ ಅಂಪಾರ್ಫೆ. ‘ಹೋದೆ, ಬಂದಳು, ಬಿತ್ತು, ಆಯಿತು’ ಎಂದು ಬಂದರೆ ಪಾಸೇ ಕೋಂಪೋಜೇ. ನೂರಕ್ಕೆ ನೂರು ಸಲ ಇದು ಸರಿಹೋಗುವುದಿಲ್ಲ. ಎಲ್ಲಿ ಕೈಕೊಡುತ್ತದೆ ಎಂದೂ ಆಮೇಲೆ ಹೇಳುತ್ತೇನೆ. ಆದರೆ ಶಾಲೆಯ ಮಟ್ಟದ ಬಹುಪಾಲು ವಾಕ್ಯಗಳಿಗೆ ಇದು ಸಾಕು.

ಪಠ್ಯಪುಸ್ತಕದಲ್ಲಿ ಅಂಪಾರ್ಫೆಯ ಉಪಯೋಗಗಳನ್ನು ಒಂದು, ಎರಡು, ಮೂರು ಎಂದು ಪಟ್ಟಿ ಮಾಡಿರುತ್ತಾರೆ. ಅವನ್ನು ನಮ್ಮ ಮಾತಿಗೆ ಹೊಂದಿಸಿ ನೋಡೋಣ.

ಒಂದು, ರೂಢಿ. ‘ನಮ್ಮತ್ತೆ ಬೆಳಿಗ್ಗೆ ಐದಕ್ಕೇ ಎದ್ದು ರಂಗೋಲಿ ಹಾಕ್ತಿದ್ರು.’ ದಿನಾ ನಡೆಯುತ್ತಿದ್ದದ್ದು.

ಎರಡು, ಆ ಹೊತ್ತಿನಲ್ಲಿ ನಡೆಯುತ್ತಿದ್ದ ಕೆಲಸ. ‘ನಾನು ಒಗ್ಗರಣೆ ಹಾಕ್ತಿದ್ದೆ, ಕರೆಂಟ್ ಹೋಯ್ತು.’ ಹಾಕ್ತಿದ್ದದ್ದು ಅಂಪಾರ್ಫೆ. ಮಧ್ಯೆ ಬಂದು ಬಿದ್ದ ‘ಹೋಯ್ತು’ ಪಾಸೇ ಕೋಂಪೋಜೇ.

ಮೂರು, ವರ್ಣನೆ. ‘ಮನೆ ದೊಡ್ಡದಿತ್ತು. ಹಿತ್ತಲಲ್ಲಿ ಬಾವಿ ಇತ್ತು. ಮಳೆ ಬರ್ತಿತ್ತು. ಎಲ್ಲರಿಗೂ ಸುಸ್ತಾಗಿತ್ತು.’ ಮನೆ, ಹವೆ, ವಯಸ್ಸು, ಮನಸ್ಸಿನ ಸ್ಥಿತಿ ಎಲ್ಲವೂ ಇದರಲ್ಲಿ ಬರುತ್ತವೆ.

ಗಮನಿಸಿ, ರೂಢಿಗೂ ನಡೆಯುತ್ತಿದ್ದ ಕೆಲಸಕ್ಕೂ ಕನ್ನಡದಲ್ಲಿ ಒಂದೇ ರೂಪ. ‘ದಿನಾ ಓದ್ತಿದ್ದೆ’ ಎಂದರೂ ‘ನೀವು ಬಂದಾಗ ಓದ್ತಿದ್ದೆ’ ಎಂದರೂ ‘ಓದ್ತಿದ್ದೆ’ಯೇ. ಫ್ರೆಂಚಿನಲ್ಲೂ ಹೀಗೆಯೇ, ಎರಡಕ್ಕೂ ಒಂದೇ ಅಂಪಾರ್ಫೆ. ಹಿಂದಿಯಲ್ಲಿ ಇದು ಎರಡಾಗುತ್ತದೆ: ರೂಢಿಗೆ ‘ಪಢ್ತೀ ಥೀ’, ನಡೆಯುತ್ತಿದ್ದುದಕ್ಕೆ ‘ಪಢ್ ರಹೀ ಥೀ’. ಇಂಗ್ಲಿಷಿನಲ್ಲೂ ‘ಯೂಸ್ಡ್ ಟು ರೀಡ್’, ‘ವಾಸ್ ರೀಡಿಂಗ್’ ಎಂದು ಎರಡು. ತೆಲುಗಿನಲ್ಲಿ ರೂಢಿಗೆಂದೇ ‘ಚದಿವೇದಾನ್ನಿ’ ಎಂಬ ಬೇರೆ ರೂಪ ಇದೆ. ನಮ್ಮ ಮಕ್ಕಳ ತಲೆಯಲ್ಲಿರುವ ಭಾಷೆಗಳಲ್ಲಿ ಈ ವಿಷಯದಲ್ಲಿ ಫ್ರೆಂಚಿಗೆ ಅತಿ ಹತ್ತಿರ ನಿಂತಿರುವುದು ಟೈಮ್‌ಟೇಬಲ್ಲಿನಲ್ಲಿ ಇಲ್ಲದ ಕನ್ನಡ.

ಈಗ ರೂಪಗಳನ್ನು ಕಟ್ಟುವುದು ಹೇಗೆ ಎಂದು ನೋಡೋಣ. ಇದು ಮಕ್ಕಳು ಹೆದರುವಷ್ಟು ಕಷ್ಟವಲ್ಲ. ಫ್ರೆಂಚ್ ಪದಗಳ ಉಚ್ಚಾರವನ್ನು ಕನ್ನಡ ಅಕ್ಷರದಲ್ಲಿ ಆದಷ್ಟು ಹತ್ತಿರಕ್ಕೆ ಬರೆಯುತ್ತೇನೆ. ‘ಝ’ ಎಂದು ಬರೆದಿರುವುದನ್ನು ಇಂಗ್ಲಿಷಿನ ‘ಟೆಲಿವಿಷನ್’ ಪದದ ನಡುವೆ ಬರುವ ಧ್ವನಿಯಂತೆ ಓದಿಕೊಳ್ಳಿ. ಕೊನೆಯ ಅಕ್ಷರಗಳನ್ನು ಹೇಳುವಾಗ ಮಾತ್ರ ಇಂಗ್ಲಿಷ್ ಅಕ್ಷರಗಳ ಹೆಸರು ಹೇಳುತ್ತೇನೆ.

ಹೆಜ್ಜೆ ಒಂದು: ಕ್ರಿಯಾಪದದ ವರ್ತಮಾನ ಕಾಲದಲ್ಲಿ ‘ನೂ’, ಅಂದರೆ ‘ನಾವು’ ರೂಪ ತೆಗೆದುಕೊಳ್ಳಿ. ‘ನೂ ಪಾರ್ಲೋಂ’, ನಾವು ಮಾತಾಡುತ್ತೇವೆ.

ಹೆಜ್ಜೆ ಎರಡು: ಅದರ ಕೊನೆಯ ‘ಓಂ’, ಅಂದರೆ ಓ-ಎನ್-ಎಸ್ ಅಕ್ಷರಗಳನ್ನು ತೆಗೆದುಬಿಡಿ. ‘ಪಾರ್ಲ್’ ಉಳಿಯಿತು.

ಹೆಜ್ಜೆ ಮೂರು: ಅದಕ್ಕೆ ಈ ಬಾಲಗಳನ್ನು ಅಂಟಿಸಿ.

ಝ (ನಾನು): ಎ-ಐ-ಎಸ್. ಝ ಪಾರ್ಲೆ, ನಾನು ಮಾತಾಡುತ್ತಿದ್ದೆ.
ತ್ಯು (ನೀನು): ಎ-ಐ-ಎಸ್. ತ್ಯು ಪಾರ್ಲೆ, ನೀನು ಮಾತಾಡುತ್ತಿದ್ದೆ.
ಇಲ್, ಎಲ್ (ಅವನು, ಅವಳು): ಎ-ಐ-ಟಿ. ಎಲ್ ಪಾರ್ಲೆ, ಅವಳು ಮಾತಾಡುತ್ತಿದ್ದಳು.
ನೂ (ನಾವು): ಐ-ಓ-ಎನ್-ಎಸ್. ನೂ ಪಾರ್ಲಿಯೋಂ, ನಾವು ಮಾತಾಡುತ್ತಿದ್ದೆವು.
ವೂ (ನೀವು): ಐ-ಇ-ಝಡ್. ವೂ ಪಾರ್ಲಿಯೇ, ನೀವು ಮಾತಾಡುತ್ತಿದ್ದಿರಿ.
ಇಲ್, ಎಲ್ (ಅವರು): ಎ-ಐ-ಇ-ಎನ್-ಟಿ. ಎಲ್ ಪಾರ್ಲೆ, ಅವರು ಮಾತಾಡುತ್ತಿದ್ದರು.

ಇಷ್ಟೇ. ಬಾಲಗಳು ಎಲ್ಲ ಕ್ರಿಯಾಪದಗಳಿಗೂ ಇವೇ. ವರ್ತಮಾನ ಕಾಲದಲ್ಲಿ ತಂಟೆ ಮಾಡುವ ಕ್ರಿಯಾಪದಗಳೂ ಇಲ್ಲಿ ತೆಪ್ಪಗಿರುತ್ತವೆ. ಮುಗಿಸು: ‘ನೂ ಫಿನಿಸೋಂ’, ಆದ್ದರಿಂದ ‘ಝ ಫಿನಿಸೆ’. ಮಾರು: ‘ನೂ ವಾಂದೋಂ’, ‘ಝ ವಾಂದೆ’. ಕುಡಿ: ‘ನೂ ಬ್ಯುವೋಂ’, ‘ಝ ಬ್ಯುವೆ’. ತೆಗೆದುಕೊ: ‘ನೂ ಪ್ರನೋಂ’, ‘ಝ ಪ್ರನೆ’. ಮಾಡು: ‘ನೂ ಫಜೋಂ’, ‘ಝ ಫಜೆ’. ಹೋಗು: ‘ನೂಜಾಲೋಂ’, ‘ಝಾಲೆ’. ನನ್ನ ಬಳಿ ಇರು ಎಂಬ ಅರ್ಥದ ಕ್ರಿಯಾಪದ: ‘ನೂಜಾವೋಂ’, ‘ಝಾವೆ’.

ನಿಯಮ ಮೀರುವುದು ಒಂದೇ ಒಂದು. ‘ಎತ್ರ್’, ಅಂದರೆ ‘ಇರು, ಆಗಿರು’. ಅದರ ‘ನೂ’ ರೂಪ ‘ನೂ ಸೋಮ್’. ಅದರಲ್ಲಿ ತೆಗೆಯಲು ಓ-ಎನ್-ಎಸ್ ಇಲ್ಲವೇ ಇಲ್ಲ. ಅದಕ್ಕೆ ‘ಏತ್’ ಎಂಬ ಬೇರೆ ಬುಡ. ಬಾಲಗಳು ಅವೇ: ‘ಝೇತೆ, ತ್ಯು ಏತೆ, ಇಲ್ ಏತೆ, ನೂಜೇತಿಯೋಂ, ವೂಜೇತಿಯೇ, ಇಲ್ಜೇತೆ’. ಇದೊಂದನ್ನು ಮಾತ್ರ ಬಾಯಿಪಾಠ ಮಾಡಿಸಿ, ಏಕೆಂದರೆ ಹೆಚ್ಚು ಬೇಕಾಗುವುದೂ ಇದೇ. ‘ಮಳೆ ಬರುತ್ತಿತ್ತು’, ‘ಬೇಕಾಗಿತ್ತು’ ಎಂಬಂಥ ಕೆಲವಕ್ಕೆ ‘ನಾವು’ ರೂಪವೇ ಇರುವುದಿಲ್ಲ. ಅವನ್ನು ‘ಇಲ್ ಪ್ಲವೆ’, ‘ಇಲ್ ಫಾಲೆ’ ಎಂದು ಹಾಗೆಯೇ ನೆನಪಿಟ್ಟುಕೊಳ್ಳಬೇಕು.

ಬರೆಯುವಾಗ ಅಂಕ ಹೋಗುವ ಜಾಗಗಳು ಮೂರು.

ತಿನ್ನು ಎಂಬ ಕ್ರಿಯಾಪದದಲ್ಲಿ ‘ಝ ಮಾಂಝೆ’ ಎಂದು ಬರೆಯುವಾಗ ‘ಜಿ’ ಅಕ್ಷರದ ನಂತರ ಒಂದು ‘ಇ’ ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ‘ಮಾಂಗೆ’ ಎಂಬ ಉಚ್ಚಾರ ಬಂದುಬಿಡುತ್ತದೆ. ‘ನೂ ಮಾಂಝಿಯೋಂ’ ಎನ್ನುವಾಗ ಮುಂದೆ ‘ಐ’ ಇರುವುದರಿಂದ ಆ ‘ಇ’ ಬೇಡ.

ಆರಂಭಿಸು ಎಂಬ ಕ್ರಿಯಾಪದದಲ್ಲಿ ‘ಝ ಕೋಮಾಂಸೆ’ ಎನ್ನುವಾಗ ‘ಸಿ’ ಅಕ್ಷರದ ಕೆಳಗೆ ಸಣ್ಣ ಕೊಕ್ಕೆ ಬೇಕು. ‘ನೂ’ ಮತ್ತು ‘ವೂ’ ರೂಪಗಳಲ್ಲಿ ಬೇಡ.

ಓದು, ಅಭ್ಯಾಸ ಮಾಡು ಎಂಬ ಅರ್ಥದ ‘ಏತ್ಯುದಿಯೇ’ ಕ್ರಿಯಾಪದದ ಬುಡವೇ ‘ಐ’ಯಲ್ಲಿ ಮುಗಿಯುತ್ತದೆ. ಅದಕ್ಕೆ ‘ಐ-ಓ-ಎನ್-ಎಸ್’ ಸೇರಿದಾಗ ಎರಡು ‘ಐ’ ಪಕ್ಕಪಕ್ಕ ಬರುತ್ತವೆ. ಮಕ್ಕಳು ಅದು ತಪ್ಪೆಂದುಕೊಂಡು ಒಂದನ್ನು ಹೊಡೆದುಹಾಕುತ್ತಾರೆ. ಹೊಡೆಯಬಾರದು.

ಉಚ್ಚಾರದಲ್ಲೂ ಒಂದು ಮಾತಿದೆ. ಮೇಲಿನ ಆರು ಸಾಲುಗಳನ್ನು ಮತ್ತೆ ನೋಡಿ. ನಾನು, ನೀನು, ಅವನು-ಅವಳು, ಅವರು: ಈ ನಾಲ್ಕಕ್ಕೂ ಬರವಣಿಗೆ ಒಂದೇ ಅಲ್ಲದಿದ್ದರೂ ಕಿವಿಗೆ ಕೇಳಿಸುವುದು ಒಂದೇ ‘ಪಾರ್ಲೆ’. ಕೊನೆಯ ಎಸ್, ಟಿ, ಇ-ಎನ್-ಟಿ ಎಲ್ಲವೂ ಮೌನ. ‘ಪಾರ್ಲೆಯೆಂಟ್’ ಎಂದು ಓದುವ ಮಕ್ಕಳನ್ನು ಅಲ್ಲೇ ನಿಲ್ಲಿಸಿ. ಇನ್ನೊಂದು, ‘ಝೇ ಪಾರ್ಲೇ’ ಎಂದರೆ ಮಾತಾಡಿದೆ, ‘ಝ ಪಾರ್ಲೆ’ ಎಂದರೆ ಮಾತಾಡುತ್ತಿದ್ದೆ. ಕೊನೆಯ ಧ್ವನಿಯಲ್ಲಿ ಸಣ್ಣ ವ್ಯತ್ಯಾಸ ಇದೆ: ಎರಡನೆಯದಕ್ಕೆ ಬಾಯಿ ಸ್ವಲ್ಪ ಹೆಚ್ಚು ತೆರೆಯಬೇಕು. ಆದರೆ ಡಿಕ್ಟೇಶನ್‌ನಲ್ಲಿ ಗುರುತಿಸಲು ಸುಲಭದ ದಾರಿ ಮೊದಲ ತುಂಡನ್ನು ಕೇಳುವುದು: ‘ಝೇ’ಯೋ, ‘ಝ’ವೋ ಎಂದು.

ಕನ್ನಡದಲ್ಲಿ ನಾವು ‘ಇದ್ದನು, ಇದ್ದಳು, ಇತ್ತು, ಇದ್ದರು, ಇದ್ದವು’ ಎಂದು ಎಷ್ಟೊಂದು ಬದಲಾಯಿಸುತ್ತೇವೆ! ಫ್ರೆಂಚಿನ ಅಂಪಾರ್ಫೆಗೆ ಗಂಡು ಹೆಣ್ಣಿನ ಚಿಂತೆ ಇಲ್ಲ. ನಮಗೆ ಹೋಲಿಸಿದರೆ ಅವರದ್ದೇ ಸುಲಭ ಎಂದು ಮಕ್ಕಳಿಗೆ ಧೈರ್ಯ ಹೇಳಿ.

ಎರಡು ರೂಪಗಳನ್ನು ಒಟ್ಟಿಗೆ ಬಳಸುವುದೇ ನಿಜವಾದ ಪರೀಕ್ಷೆ. ಅದಕ್ಕೆ ದೂರ ಹೋಗುವುದು ಬೇಡ, ನಮ್ಮ ಊರಿನ ಕಥೆಯನ್ನೇ ತೆಗೆದುಕೊಳ್ಳೋಣ. ಈ ಸಭೆಯಲ್ಲಿ ಕಲಬುರಗಿ, ರಾಯಚೂರು, ಬೀದರ್ ಕಡೆಯವರು ಅನೇಕರಿದ್ದೀರಿ. ‘ಆ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿ ಇದ್ದವು. ಜನ ಕೋರ್ಟು ಕಚೇರಿಗೆ ಹೈದರಾಬಾದಿಗೆ ಬರುತ್ತಿದ್ದರು. 1956ರ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಸೇರಿದವು.’ ‘ಇದ್ದವು’, ‘ಬರುತ್ತಿದ್ದರು’ ಎರಡೂ ಅಂಪಾರ್ಫೆ. ‘ಸೇರಿದವು’ ಪಾಸೇ ಕೋಂಪೋಜೇ. ತಾರೀಖು ಬಂದ ಕೂಡಲೇ ರೂಪ ಬದಲಾಯಿತು ನೋಡಿ.

ಇನ್ನೊಂದು ಕಥೆ. ಕೂಕಟ್‌ಪಲ್ಲಿಯಲ್ಲಿ ಎಲ್.ಬಿ. ನಗರದ ಕಡೆಯ ಮೆಟ್ರೋ ಹತ್ತಿದರೆ, ರೈಲು ಬದಲಿಸದೆ, ಮಲಕ್‌ಪೇಟೆ ದಾಟಿ ಮೂಸಾರಾಂಬಾಗ್ ನಿಲ್ದಾಣಕ್ಕೆ ಹೋಗಬಹುದು. ಆ ಹೆಸರು ಒಬ್ಬ ಫ್ರೆಂಚ್ ಮನುಷ್ಯನದು. ಮಿಷೆಲ್ ರೇಮೋಂ, ನಮ್ಮವರು ರೇಮಂಡ್ ಎನ್ನುತ್ತಾರೆ. ‘ಮೊಸ್ಯೂ ರೇಮೋಂ’ ಎಂಬುದು ಜನರ ಬಾಯಲ್ಲಿ ‘ಮೂಸಾ ರಾಮ್’ ಆಯಿತು ಎನ್ನುತ್ತಾರೆ. ‘ಅವನು ನಿಜಾಮ್ ಅಲಿ ಖಾನರ ಸೇವೆಯಲ್ಲಿದ್ದ. ಫ್ರೆಂಚ್ ಪದ್ಧತಿಯಲ್ಲಿ ಸೈನಿಕರಿಗೆ ತರಬೇತಿ ಕೊಡುತ್ತಿದ್ದ. 1798ರ ಮಾರ್ಚಿಯಲ್ಲಿ ತೀರಿಕೊಂಡ. ಅದೇ ವರ್ಷ ಬ್ರಿಟಿಷರು ಅವನ ಪಡೆಯನ್ನು ನಿಶ್ಶಸ್ತ್ರಗೊಳಿಸಿದರು.’ ಮೊದಲ ಎರಡು ವಾಕ್ಯ ಅಂಪಾರ್ಫೆ, ಕೊನೆಯ ಎರಡು ಪಾಸೇ ಕೋಂಪೋಜೇ. ಮಗುವಿಗೆ ಒಂದು ಭಾನುವಾರ ಅವನ ಸಮಾಧಿ ತೋರಿಸಿ, ಹಿಂತಿರುಗುವಾಗ ಮೆಟ್ರೋದಲ್ಲಿ ಈ ನಾಲ್ಕು ವಾಕ್ಯ ಹೇಳಿಸಿ. ಪಾಠ ಮರೆಯುವುದಿಲ್ಲ.

ಈಗ ಸ್ವಲ್ಪ ಸೂಕ್ಷ್ಮದ ಸಂಗತಿಗಳು. ಇವು ಇಂಗ್ಲಿಷಿನಿಂದ ಬರುವ ಮಕ್ಕಳಿಗೆ ಕಷ್ಟ, ಕನ್ನಡದಿಂದ ಬರುವವರಿಗೆ ಸುಲಭ.

‘ನನಗೆ ಗೊತ್ತಿತ್ತು’ ಮತ್ತು ‘ನನಗೆ ಗೊತ್ತಾಯಿತು’ ಒಂದೇ ಅಲ್ಲ, ಅಲ್ಲವೇ? ಮೊದಲನೆಯದು ‘ಝ ಸಾವೆ’, ಅಂಪಾರ್ಫೆ. ಎರಡನೆಯದು ‘ಝೇ ಸ್ಯು’, ಪಾಸೇ ಕೋಂಪೋಜೇ. ಒಂದೇ ಕ್ರಿಯಾಪದ, ಕಾಲ ಬದಲಾದರೆ ಅರ್ಥವೇ ಬೇರೆ. ಇಂಗ್ಲಿಷ್ ಇಲ್ಲಿ ‘ನ್ಯೂ’ ಬಿಟ್ಟು ‘ಫೌಂಡ್ ಔಟ್’ ಎಂಬ ಬೇರೆ ಮಾತನ್ನೇ ತರಬೇಕು. ‘ಆ ಊರು ಇಷ್ಟವಾಯಿತು’ ಎನ್ನುವುದಕ್ಕೂ ‘ಇಷ್ಟವಾಗುತ್ತಿತ್ತು’ ಎನ್ನುವುದಕ್ಕೂ ಇದೇ ಭೇದ.

ವಿನಯದ ಮಾತು ನೋಡಿ. ಪಕ್ಕದ ಮನೆಯವರ ಬಾಗಿಲು ತಟ್ಟಿ ‘ಒಂದು ವಿಷಯ ಕೇಳಬೇಕಿತ್ತು’ ಎನ್ನುತ್ತೇವೆ. ಕೇಳಬೇಕಾಗಿರುವುದು ಈಗಲೇ, ಆದರೂ ‘ಬೇಕಿತ್ತು’ ಎಂದರೆ ಮಾತು ಮೆತ್ತಗಾಗುತ್ತದೆ. ಫ್ರೆಂಚರೂ ‘ಝ ವೂಲೆ ವೂ ದಮಾಂದೇ’ ಎಂದು ಅಂಪಾರ್ಫೆ ಹಾಕಿ ಹೀಗೆಯೇ ಮೆತ್ತಗೆ ಕೇಳುತ್ತಾರೆ. ಇದನ್ನು ಯಾವ ಕನ್ನಡತಿಗೂ ವಿವರಿಸಬೇಕಾಗಿಲ್ಲ.

‘ಅವರು ಬಂದಾಗ ನಾನು ಒಂದು ಗಂಟೆಯಿಂದ ಕಾಯುತ್ತಿದ್ದೆ.’ ಇಂಗ್ಲಿಷಿನಲ್ಲಿ ಇದು ‘ಹ್ಯಾಡ್ ಬೀನ್ ವೇಟಿಂಗ್’ ಎಂದು ಮೂರು ತುಂಡಾಗುತ್ತದೆ. ಫ್ರೆಂಚಿನಲ್ಲಿ ಕನ್ನಡದ ಹಾಗೆಯೇ ಬರೀ ಅಂಪಾರ್ಫೆ: ‘ಝಾತಾಂದೆ ದಪ್ವಿ ಯೂನರ್’. ‘ದಪ್ವಿ’ ನಮ್ಮ ‘-ಇಂದ’.

ಇನ್ನೂ ಒಂದು. ‘ಹೋಗಿದ್ದೆ’ ಎಂದರೆ ‘ಹೋಗಿ’ ಮತ್ತು ‘ಇದ್ದೆ’. ಫ್ರೆಂಚಿನಲ್ಲಿ ‘ಝೇತೆ ಆಲೇ’. ‘ಝೇತೆ’ ನಮ್ಮ ‘ಇದ್ದೆ’, ‘ಆಲೇ’ ನಮ್ಮ ‘ಹೋಗಿ’. ಇದಕ್ಕೆ ‘ಪ್ಲ್ಯೂ ಕ ಪಾರ್ಫೆ’ ಎಂಬ ದೊಡ್ಡ ಹೆಸರಿದೆ, ಆದರೆ ಒಳಗಿರುವುದು ಅಂಪಾರ್ಫೆಯೇ. ಅಂಪಾರ್ಫೆ ಗಟ್ಟಿಯಾದರೆ ಮುಂದಿನ ಪಾಠ ಅರ್ಧ ಆದಂತೆ.

ಇಷ್ಟು ಹೊಗಳಿದ ಮೇಲೆ ಕನ್ನಡ ಎಲ್ಲಿ ಕೈಕೊಡುತ್ತದೆ ಎಂದೂ ಹೇಳಲೇಬೇಕು. ಮುಖ್ಯವಾಗಿ ಎರಡು ಕಡೆ.

ಮೊದಲನೆಯದು ‘ಇದ್ದೆ’. ‘ಚಿಕ್ಕವಳಿದ್ದಾಗ ಧಾರವಾಡದಲ್ಲಿ ಇದ್ದೆ’ ಎಂದರೆ ಅಂಪಾರ್ಫೆ, ‘ಝಾಬಿತೆ’. ಆದರೆ ‘ಧಾರವಾಡದಲ್ಲಿ ಐದು ವರ್ಷ ಇದ್ದೆ’ ಎಂದರೆ ಫ್ರೆಂಚಿನಲ್ಲಿ ಪಾಸೇ ಕೋಂಪೋಜೇ, ‘ಝೇ ಆಬಿತೇ’. ಇಷ್ಟು ವರ್ಷ ಎಂದು ಅಳೆದು ಹೇಳಿದ ಕೂಡಲೇ ಅದಕ್ಕೆ ಬೇಲಿ ಹಾಕಿದಂತಾಯಿತು, ಮುಗಿದ ಲೆಕ್ಕವಾಯಿತು. ಕನ್ನಡದ ‘ಇದ್ದೆ’ ಎರಡಕ್ಕೂ ಒಂದೇ ಇರುವುದರಿಂದ ಮಗುವಿಗೆ ಸುಳಿವು ಸಿಗುವುದಿಲ್ಲ. ಆಗ ಹೀಗೆ ಮಾಡಿ: ‘ಇದ್ದೆ’ ತೆಗೆದು ‘ಓದು’ ಹಾಕಿ ನೋಡಿ. ‘ಚಿಕ್ಕವಳಿದ್ದಾಗ ಧಾರವಾಡದಲ್ಲಿ ಓದ್ತಿದ್ದೆ’, ‘ಧಾರವಾಡದಲ್ಲಿ ಐದು ವರ್ಷ ಓದಿದೆ’. ಭೇದ ತಾನಾಗಿ ಹೊರಬರುತ್ತದೆ.

ಎರಡನೆಯದು ‘-ದ್ದರೆ’ ಬರುವ ವಾಕ್ಯ. ‘ದುಡ್ಡಿದ್ದರೆ ಮನೆ ತಗೊಳ್ತಿದ್ದೆ.’ ಇಲ್ಲಿ ‘ತಗೊಳ್ತಿದ್ದೆ’ ಎಂದು ಕೇಳಿ ಅಂಪಾರ್ಫೆ ಹಾಕಿದರೆ ತಪ್ಪು. ಫ್ರೆಂಚಿನಲ್ಲಿ ‘ಸೀ’, ಅಂದರೆ ‘-ರೆ’ ಇರುವ ತುಂಡಿಗೆ ಅಂಪಾರ್ಫೆ: ‘ಸೀ ಝಾವೆ ದ ಲಾರ್ಝಾಂ’. ಇನ್ನೊಂದು ತುಂಡಿಗೆ ‘ಕೋಂದಿಸಿಯೋನೆಲ್’ ಎಂಬ ಬೇರೆ ರೂಪ: ‘ಝಾಶೆತ್‌ರೆ’. ಸಮಾಧಾನದ ವಿಷಯ ಏನೆಂದರೆ ಆ ಬೇರೆ ರೂಪದ ಬಾಲಗಳು ಇವೇ, ಎ-ಐ-ಎಸ್, ಎ-ಐ-ಟಿ. ಭವಿಷ್ಯತ್ ಕಾಲದ ಬುಡಕ್ಕೆ ಅಂಪಾರ್ಫೆಯ ಬಾಲ ಅಂಟಿಸಿದ್ದು. ಹಾಗಾಗಿ ಕಲಿತದ್ದು ಯಾವುದೂ ದಂಡವಾಗುವುದಿಲ್ಲ.

ಇದು ಬರೀ ಅಂಕದ ವ್ಯಾಕರಣ ಅಂದುಕೊಳ್ಳಬೇಡಿ. 1857ರಲ್ಲಿ ಪುಸ್ತಕವಾಗಿ ಬಂದ ಫ್ಲೋಬೇರನ ‘ಮದಾಮ್ ಬೊವಾರಿ’ ಕಾದಂಬರಿಯ ಹೆಸರು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಸಣ್ಣ ಊರಿನಲ್ಲಿ ಒಂದೇ ಥರದ ದಿನಗಳನ್ನು ಕಳೆಯುವ ಗೃಹಿಣಿಯ ಕಥೆ ಅದು. ನಿನ್ನೆಯಂತೆ ಇವತ್ತು, ಇವತ್ತಿನಂತೆ ನಾಳೆ ಎಂಬ ಆ ದಿನಗಳನ್ನು ಫ್ಲೋಬೇರ್ ಅಂಪಾರ್ಫೆಯಲ್ಲೇ ಬರೆದ. ಫ್ಲೋಬೇರ್ ಈ ಕಾಲರೂಪವನ್ನು ಬಳಸಿದ ರೀತಿಯೇ ಹೊಸದು ಎಂದು ಮಾರ್ಸೆಲ್ ಪ್ರೂಸ್ತ್ 1920ರಲ್ಲಿ ಒಂದು ಲೇಖನವನ್ನೇ ಬರೆದ. ಒಂದು ಕ್ರಿಯಾಪದದ ಬಾಲದಲ್ಲಿ ಹೆಂಗಸಿನ ಇಡೀ ಬದುಕು ಹಿಡಿಸುತ್ತದೆ ಎಂಬುದು ಅಜ್ಜಿಯ ಮಾತು ಕೇಳಿ ಬೆಳೆದ ನಮಗೆ ಅರ್ಥವಾಗದ ವಿಷಯವಲ್ಲ. ‘ಬೀಸ್ತಿದ್ವಿ, ಕುಟ್ತಿದ್ವಿ, ನೀರು ಸೇದ್ತಿದ್ವಿ, ರಾತ್ರಿ ಹಾಡು ಹೇಳ್ತಿದ್ವಿ.’ ಹಿರಿಯರ ನೆನಪು ನಡೆಯುವುದೇ ಈ ಕಾಲದಲ್ಲಿ.

ನನಗೆ ಕಳವಳ ಇರುವುದು ಇಲ್ಲೇ. ಮನೆಯಲ್ಲಿ ಫ್ರೆಂಚ್ ಕಲಿಯಲು ಬರುವ ಕನ್ನಡದ ಮಕ್ಕಳನ್ನು ನೋಡುತ್ತಿರುತ್ತೇನೆ. ಅಮ್ಮನ ಜೊತೆ ಕನ್ನಡದಲ್ಲೇ ಜಗಳವಾಡುವ ಮಗುವಿಗೆ ‘ಹೋದ್ವಿ, ಹೋಗ್ತಿದ್ವಿ’ ಎಂದು ಎರಡು ಮಾತು ಹೇಳಿದರೆ ಸಾಕು, ‘ಓ, ಇಷ್ಟೇನಾ ಆಂಟಿ’ ಎನ್ನುತ್ತದೆ. ಕನ್ನಡ ಅರ್ಥವಾಗುತ್ತದೆ ಆದರೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗುವಿಗೆ ಆ ಏಣಿ ಇರುವುದಿಲ್ಲ. ನಿಯಮಗಳ ಪಟ್ಟಿಯನ್ನು ಉರು ಹೊಡೆಯಬೇಕಾಗುತ್ತದೆ. ‘ಊಟ ಬೇಕು, ನೀರು ಕೊಡು, ಆಯ್ತು, ಬಂದೆ’ ಎಂಬಷ್ಟು ಕನ್ನಡ ಎಲ್ಲ ಮಕ್ಕಳಿಗೂ ಉಳಿದಿದೆ. ಮೊದಲು ಜಾರಿಹೋಗುವುದು ಈ ‘-ತ್ತಿದ್ದೆ’. ಏಕೆಂದರೆ ಅದು ಆಜ್ಞೆಗೆ ಬೇಕಿಲ್ಲ, ಅಂಗಡಿಗೆ ಬೇಕಿಲ್ಲ. ಕಥೆ ಹೇಳಲು ಮಾತ್ರ ಬೇಕು. ಮನೆಯಲ್ಲಿ ಕಥೆ ನಿಂತರೆ ಅದೂ ನಿಲ್ಲುತ್ತದೆ. ಆಮೇಲೆ ಅಜ್ಜಿ ಹೇಳುವುದು ಮೊಮ್ಮಗಳಿಗೆ ಕೇಳಿಸುತ್ತದೆ, ತಲುಪುವುದಿಲ್ಲ.

ಹಾಗಾದರೆ ಏನು ಮಾಡೋಣ? ಖರ್ಚಿಲ್ಲದ ಒಂದು ಉಪಾಯ ಹೇಳುತ್ತೇನೆ. ಅಂಪಾರ್ಫೆ ಪಾಠದ ಕೊನೆಯಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ ಒಂದು ಪ್ರಬಂಧ ಕೊಡುತ್ತಾರೆ: ‘ಕಾಂ ಝೇತೆ ಪತೀತ್’, ‘ನಾನು ಚಿಕ್ಕವಳಿದ್ದಾಗ’. ಮಕ್ಕಳು ಅದನ್ನು ಇಂಟರ್ನೆಟ್ಟಿನಿಂದ ಇಳಿಸಿ ಬರೆಯುತ್ತಾರೆ. ಹನ್ನೆರಡು ವರ್ಷದ ಮಗುವಿಗೆ ‘ಚಿಕ್ಕವಳಿದ್ದಾಗ’ ಎಂದು ಹೇಳಿಕೊಳ್ಳಲು ತಾನೇ ಎಷ್ಟಿರುತ್ತದೆ? ಅದರ ಬದಲು ಅಜ್ಜಿಗೆ ಫೋನ್ ಮಾಡಿಸಿ. ‘ಅಜ್ಜಿ, ನೀವು ಚಿಕ್ಕವರಿದ್ದಾಗ ಏನು ಮಾಡ್ತಿದ್ರಿ?’ ಎಂದು ಕನ್ನಡದಲ್ಲಿ ಕೇಳಿಸಿ. ಅಜ್ಜಿ ಹೇಳಿದ್ದನ್ನು ಕನ್ನಡದಲ್ಲೇ ಐದು ಸಾಲು ಬರೆದುಕೊಳ್ಳಲಿ, ಕನ್ನಡ ಅಕ್ಷರ ಬಾರದಿದ್ದರೆ ನೀವು ಬರೆದುಕೊಡಿ. ಆಮೇಲೆ ಫ್ರೆಂಚಿಗೆ ತಿರುಗಿಸಲಿ. ಹೀಗೆ:

‘ನಾನು ಚಿಕ್ಕವಳಿದ್ದಾಗ ನಾವು ರಾಯಚೂರಿನಲ್ಲಿ ಇದ್ವಿ.’ ಕಾಂ ಝೇತೆ ಪತೀತ್, ನೂಜಾಬಿತಿಯೋಂ ಆ ರಾಯಚೂರ್.

‘ಮನೆ ಹಿಂದೆ ಬಾವಿ ಇತ್ತು.’ ಇಲ್ ಯಾವೆ ಅಂ ಪ್ವಿ ದೆರಿಯೆರ್ ಲಾ ಮೆಜೋಂ.

‘ಅವ್ವ ಐದಕ್ಕೆ ಏಳ್ತಿದ್ಲು.’ ಮಾ ಮೆರ್ ಸ ಲವೆ ಆ ಸ್ಯಾಂಕರ್.

‘ನಾವು ರೊಟ್ಟಿ ತಿಂತಿದ್ವಿ.’ ನೂ ಮಾಂಝಿಯೋಂ ದೇ ರೊಟ್ಟಿ.

‘ಒಂದಿನ ಅಪ್ಪ ರೇಡಿಯೋ ತಂದರು.’ ಅಂ ಝೂರ್, ಮೋಂ ಪೆರ್ ಆ ಆಪೋರ್ತೇ ಯೂನ್ ರಾದಿಯೋ.

ಮೊದಲ ನಾಲ್ಕು ಅಂಪಾರ್ಫೆ. ಐದನೆಯದು ಪಾಸೇ ಕೋಂಪೋಜೇ. ಏಕೆಂದು ಈಗ ನಿಮಗೇ ಗೊತ್ತು: ಅಜ್ಜಿ ‘ತರ್ತಿದ್ರು’ ಎನ್ನಲಿಲ್ಲ, ‘ತಂದರು’ ಎಂದರು.

ಫ್ರೆಂಚನ್ನು ಗಂಭೀರವಾಗಿ ಮುಂದುವರಿಸುವ ಮಕ್ಕಳಿಗೆ ನಮ್ಮ ಊರಿನಲ್ಲಿ ದಾರಿಗಳಿವೆ. ಅಲಿಯಾನ್ಸ್ ಫ್ರಾನ್ಸೇಸ್ ಇದೆ. ತಾರ್ನಾಕಾ ಕಡೆ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇದೆ. 1958ರಲ್ಲಿ ಬರೀ ಇಂಗ್ಲಿಷಿನ ಸಂಸ್ಥೆಯಾಗಿ ಆರಂಭವಾದ ಅದು 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ‘ಡೆಲ್ಫ್’ ಪರೀಕ್ಷೆಯ ಎ2 ಮಟ್ಟಕ್ಕೆ ಬರುವಷ್ಟರಲ್ಲಿ ಅಂಪಾರ್ಫೆ ಸರಾಗವಾಗಿ ಬಳಸಲು ಬರಬೇಕು. ಅಲ್ಲೆಲ್ಲ ಕಲಿಸಲು ಗುರುಗಳಿದ್ದಾರೆ. ಆದರೆ ‘ಹೋದೆ’ ಮತ್ತು ‘ಹೋಗುತ್ತಿದ್ದೆ’ ನಡುವಿನ ಭೇದವನ್ನು ಕಿವಿಯಲ್ಲಿ ಕೂರಿಸುವ ಕೆಲಸ ಮಗುವಿನ ಎರಡನೇ ವರ್ಷದಿಂದಲೇ ಮನೆಯಲ್ಲಿ ನಡೆಯಬೇಕು. ಅದಕ್ಕೆ ಫೀಸು ಇಲ್ಲ, ಗುರು ನೀವೇ.

ಬರುವ ತಿಂಗಳ ಸಭೆಗೆ ಫ್ರೆಂಚ್ ಓದುವ ಮಕ್ಕಳನ್ನು ಕರೆದುಕೊಂಡು ಬನ್ನಿ ಎಂದು ಸಮಿತಿಯವರ ಪರವಾಗಿ ಕೇಳಿಕೊಳ್ಳುತ್ತೇನೆ. ಅಜ್ಜಿಯ ಐದು ಸಾಲನ್ನು ಒಮ್ಮೆ ಕನ್ನಡದಲ್ಲಿ, ಒಮ್ಮೆ ಫ್ರೆಂಚಿನಲ್ಲಿ ಓದಲಿ. ಕನ್ನಡದ ತಪ್ಪನ್ನು ಹಿರಿಯರು ತಿದ್ದಲಿ, ಫ್ರೆಂಚಿನದನ್ನು ನಾನು ನೋಡುತ್ತೇನೆ.

 ಕಾಫಿ ಆರುತ್ತಿದೆ. ಪ್ರಶ್ನೆಗಳಿದ್ದರೆ ಅಲ್ಲೇ ಮಾತಾಡೋಣ.